ಇಲ್ಲಿಂದ ಮಾಲು, ಅಲ್ಲಿಂದ ಮನೆ: ಹೊರದೇಶದ ಮಾರಾಟದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪ್ರಶ್ನೆಗಳನ್ನು ಕೇಳುವವರು ಎರಡು ಥರ. ಒಬ್ಬರು ಇಲ್ಲಿ ಕೂತು ಅಲ್ಲಿಗೆ ಮಾರುವವರು: ಚನ್ನಪಟ್ಟಣದ ಗೊಂಬೆ, ಬ್ಯಾಡಗಿ ಮೆಣಸಿನಕಾಯಿ, ಕೊಡಗಿನ ಕಾಫಿ. ಇನ್ನೊಬ್ಬರು ಅಲ್ಲಿ ಕೂತು ಇಲ್ಲಿರುವುದನ್ನು ಮಾರುವವರು: ಜಯನಗರದ ಅಪ್ಪನ ಮನೆ, ಮೈಸೂರಿನ ಸೈಟು. ಇಬ್ಬರೂ ಮೊದಲು ಗಿರಾಕಿ ಹುಡುಕುತ್ತಾರೆ, ಕಾಗದಪತ್ರ ಆಮೇಲೆ ನೋಡಿಕೊಳ್ಳೋಣ ಅಂದುಕೊಳ್ಳುತ್ತಾರೆ. ಗಿರಾಕಿ ಹೇಗೋ ಸಿಗುತ್ತಾರೆ. ಸಿಕ್ಕಿಹಾಕಿಕೊಳ್ಳುವುದು ಹಣ ಗಡಿ ದಾಟಬೇಕಾದಾಗ. ಅದಕ್ಕೇ ಕೆಳಗಿನ ಉತ್ತರಗಳಲ್ಲಿ ಗಿರಾಕಿಗಿಂತ ಕಾಗದದ ಮಾತೇ ಜಾಸ್ತಿ.

ಒಂದು ಸೂಚನೆ: ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಕಲಂ ಮತ್ತು ಫಾರಂಗಳ ಸಂಖ್ಯೆ ಬದಲಾಗಿವೆ. ಜನರ ಬಾಯಲ್ಲಿ ಇನ್ನೂ ಹಳೆಯ ಹೆಸರುಗಳೇ ಇರುವುದರಿಂದ ಇಲ್ಲೂ ಅವನ್ನೇ ಬಳಸಿದ್ದೇನೆ.

ಮಾಲು ಕಳಿಸುವವರ ಪ್ರಶ್ನೆಗಳು

ನಮ್ಮದು ಮನೆಯಲ್ಲೇ ನಡೆಸೋ ಸಣ್ಣ ವ್ಯಾಪಾರ. ರಫ್ತು ಮಾಡೋಕೆ ಕಂಪನಿ ಮಾಡಲೇಬೇಕಾ?

ಬೇಡ. ಒಬ್ಬರೇ ಮಾಲೀಕರಾಗಿದ್ದರೂ ಸಾಕು. ಬೇಕಾಗಿರುವುದು ಪ್ಯಾನ್, ಕರೆಂಟ್ ಅಕೌಂಟ್, ಜಿಎಸ್‌ಟಿ ಮತ್ತು ಐಇಸಿ, ಅಂದರೆ ಆಮದು-ರಫ್ತು ಮಾಡುವವರ ಗುರುತಿನ ಸಂಖ್ಯೆ. ಐಇಸಿಯನ್ನು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ, ಅಂದರೆ ಡಿಜಿಎಫ್‌ಟಿ, ಆನ್‌ಲೈನ್‌ನಲ್ಲೇ ಕೊಡುತ್ತದೆ. ಶುಲ್ಕ 500 ರೂಪಾಯಿ. ನಿಮ್ಮ ಪ್ಯಾನ್ ಸಂಖ್ಯೆಯೇ ಐಇಸಿ ಸಂಖ್ಯೆ. ಏಜೆಂಟರಿಗೆ ಸಾವಿರಗಟ್ಟಲೆ ಕೊಟ್ಟು ಮಾಡಿಸುವ ಕೆಲಸವೇ ಅಲ್ಲ ಇದು.

ಇದರಲ್ಲಿ ಜನ ಮರೆಯುವುದು ಒಂದು. ಪ್ರತಿವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಲಾಗಿನ್ ಆಗಿ ವಿವರ ಸರಿಯಿದೆ ಅಂತ ದೃಢಪಡಿಸಬೇಕು. ಏನೂ ಬದಲಾಗದಿದ್ದರೂ ಮಾಡಲೇಬೇಕು. ಇಲ್ಲದಿದ್ದರೆ ಸಂಖ್ಯೆ ನಿಷ್ಕ್ರಿಯವಾಗುತ್ತದೆ. ಅದು ಗೊತ್ತಾಗುವುದು ಸಾಮಾನ್ಯವಾಗಿ ಮಾಲು ಏರ್‌ಪೋರ್ಟಿಗೆ ಹೋಗಿ ನಿಂತ ಮೇಲೆ.

ಎಲ್‌ಯುಟಿ, ಎಡಿ ಕೋಡ್ ಅಂತಾರಲ್ಲ, ಅವೇನು?

ಎಲ್‌ಯುಟಿ ಒಂದು ಮುಚ್ಚಳಿಕೆ. ಇದನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಕೊಟ್ಟರೆ ತೆರಿಗೆ ಕಟ್ಟದೆಯೇ ರಫ್ತು ಮಾಡಬಹುದು. ಕೊಡದಿದ್ದರೆ ಮೊದಲು ತೆರಿಗೆ ಕಟ್ಟಿ, ಆಮೇಲೆ ವಾಪಸ್ ಕೇಳಿಕೊಂಡು ಕಾಯಬೇಕು. ಒಂದು ಆರ್ಥಿಕ ವರ್ಷಕ್ಕೆ ಒಂದು ಎಲ್‌ಯುಟಿ. ಏಪ್ರಿಲ್ ಬಂದರೆ ಹೊಸದು.

ಎಡಿ ಕೋಡ್ ನಿಮ್ಮ ಬ್ಯಾಂಕ್ ಕೊಡುವ ಸಂಖ್ಯೆ, ರಫ್ತಿನ ಹಣ ಯಾವ ಬ್ಯಾಂಕಿಗೆ ಬರುತ್ತದೆ ಅಂತ ಕಸ್ಟಮ್ಸ್‌ಗೆ ತಿಳಿಸುವಂಥದ್ದು. ಮಾಲು ಹೊರಡುವ ಬಂದರು ಅಥವಾ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಅದು ನೋಂದಣಿಯಾಗಿರಬೇಕು. ಹೊರದೇಶದ ವ್ಯವಹಾರ ನೋಡುವ ಶಾಖೆಯಲ್ಲೇ ಅಕೌಂಟ್ ತೆರೆಯಿರಿ. ಬಡಾವಣೆಯ ಸಣ್ಣ ಶಾಖೆಯಲ್ಲಿ ಕೇಳಿದರೆ ಹೆಡ್ ಆಫೀಸಿಗೆ ಬರೆಯುತ್ತೇವೆ ಅಂತಾರೆ. ಅಲ್ಲಿಗೆ ತಿಂಗಳು ಕಳೆಯಿತು ಅಂತ ಲೆಕ್ಕ.

ಪೋಸ್ಟ್ ಆಫೀಸಿನಿಂದ ಕಳಿಸಬಹುದಾ?

ಕಳಿಸಬಹುದು. ಕಡಿಮೆ ಮಾಲಿಗೆ ನನ್ನ ಮೊದಲ ಸಲಹೆಯೇ ಅದು. ಅಂಚೆ ಇಲಾಖೆ ‘ಡಾಕ್ ಘರ್ ನಿರ್ಯಾತ್ ಕೇಂದ್ರ’ ಅಂತ ಶುರು ಮಾಡಿದೆ. ಅಂಚೆ ರಫ್ತು ಬಿಲ್ ಅನ್ನು ಮನೆಯಿಂದಲೇ ಆನ್‌ಲೈನ್‌ನಲ್ಲಿ ತುಂಬಿ, ಪಾರ್ಸೆಲ್ ತಂದು ಕೊಟ್ಟರಾಯಿತು. ಕಸ್ಟಮ್ಸ್ ಏಜೆಂಟ್ ಬೇಕಿಲ್ಲ.

ಅಮೆರಿಕಕ್ಕೆ ಕಳಿಸುವವರು ಮಾತ್ರ ಹಳೇ ಲೆಕ್ಕ ಬಿಡಬೇಕು. 800 ಡಾಲರ್ ಒಳಗಿನ ಪಾರ್ಸೆಲ್‌ಗೆ ಅಲ್ಲಿ ಸುಂಕ ಇರಲಿಲ್ಲ. ಆ ವಿನಾಯಿತಿ 2025ರ ಆಗಸ್ಟ್ 29ಕ್ಕೆ ಎಲ್ಲ ದೇಶಗಳಿಗೂ ನಿಂತಿತು. ಆಗ ನಮ್ಮ ಅಂಚೆ ಇಲಾಖೆ ಕೆಲವು ವಾರ ಅಮೆರಿಕದ ಪಾರ್ಸೆಲ್ ತೆಗೆದುಕೊಳ್ಳುವುದನ್ನೇ ನಿಲ್ಲಿಸಿ, ಅಕ್ಟೋಬರ್‌ನಲ್ಲಿ ಮತ್ತೆ ಶುರು ಮಾಡಿತು. ಈಗ ಸುಂಕವನ್ನೂ ಸೇರಿಸಿಯೇ ಬೆಲೆ ಹೇಳಬೇಕು.

‘ಗಿಫ್ಟ್’ ಅಂತ ಬರೆದು ಕಳಿಸಿದರೆ ಇದೆಲ್ಲ ತಪ್ಪುತ್ತಲ್ವಾ?

ಅವತ್ತಿಗೆ ತಪ್ಪಬಹುದು. ಆಮೇಲೆ ನಿಮ್ಮ ಖಾತೆಗೆ ಡಾಲರ್ ಬಂದಾಗ ಬ್ಯಾಂಕ್ ಇದು ಯಾವುದರ ಹಣ ಅಂತ ಕೇಳುತ್ತದೆ. ಗಿಫ್ಟ್ ಕೊಟ್ಟವರಿಗೆ ದುಡ್ಡು ಯಾಕೆ ಬರುತ್ತದೆ? ರಫ್ತಿನ ಬಿಲ್ ಇಲ್ಲ ಅಂದರೆ ರಫ್ತಾಗಿದ್ದಕ್ಕೇ ದಾಖಲೆ ಇಲ್ಲ. ಜಿಎಸ್‌ಟಿ ವಾಪಸಿಲ್ಲ, ಯಾವ ಪ್ರೋತ್ಸಾಹಧನವೂ ಇಲ್ಲ. ನಾಳೆ ಸಾಲ ಕೇಳಲು ಹೋದರೆ ತೋರಿಸಲು ವಹಿವಾಟೂ ಇಲ್ಲ. ಬೆಲೆ ಕಡಿಮೆ ಬರೆಯುವುದೂ ಇದೇ ಕಥೆ. ಪಾರ್ಸೆಲ್ ಕಳೆದುಹೋದರೆ ವಿಮೆ ಸಿಗುವುದು ಬರೆದ ಬೆಲೆಗೆ ಮಾತ್ರ.

ಚನ್ನಪಟ್ಟಣದ ಗೊಂಬೆ ಎಲ್ಲಾ ನೈಸರ್ಗಿಕ ಬಣ್ಣ. ಅದಕ್ಕೂ ಲ್ಯಾಬ್ ಟೆಸ್ಟ್ ಯಾಕೆ?

ಈ ಪ್ರಶ್ನೆ ಕೇಳುವವರ ಬೇಸರ ನನಗೆ ಅರ್ಥವಾಗುತ್ತದೆ. ಆಲೆ ಮರದ ತುಂಡು ಯಂತ್ರದಲ್ಲಿ ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಆಮೇಲೆ ತಾಳೆಗರಿಯಿಂದ ಉಜ್ಜಿ ಹೊಳಪು ಬರಿಸುತ್ತಾರೆ. ಮಗು ಬಾಯಿಗಿಟ್ಟರೂ ಹೆದರಿಕೆಯಿಲ್ಲ ಅಂತ ನೋಡಿದವರಿಗೆ ಗೊತ್ತು. ಆದರೆ ಅಮೆರಿಕದ ಬಂದರಿನಲ್ಲಿ ಕೂತವರು ಚನ್ನಪಟ್ಟಣ ನೋಡಿಲ್ಲ. ಅವರಿಗೆ ಬೇಕಾಗಿರುವುದು ವರದಿ.

ಅಮೆರಿಕದಲ್ಲಿ ಮಕ್ಕಳ ಆಟಿಕೆಗೆ ಎಎಸ್‌ಟಿಎಂ ಎಫ್963 ಅನ್ನುವ ಮಾನದಂಡವಿದೆ. ಮೇಲಿನ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರುವಂತಿಲ್ಲ. ಅಲ್ಲಿ ಮಾನ್ಯತೆ ಪಡೆದ ಲ್ಯಾಬ್ ವರದಿಯ ಮೇಲೆ ಮಕ್ಕಳ ವಸ್ತುವಿನ ಪ್ರಮಾಣಪತ್ರ ತಯಾರಾಗಬೇಕು. ಯುರೋಪಿಗೆ ಇಎನ್ 71 ಪರೀಕ್ಷೆ, ಅಲ್ಲಿನ ಸುರಕ್ಷತಾ ನಿಯಮಕ್ಕೆ ಒಪ್ಪುತ್ತದೆ ಅನ್ನುವ ಸಿಇ ಗುರುತು.

ಬಣ್ಣಕ್ಕಿಂತ ಜಾಸ್ತಿ ಮಾಲು ಫೇಲಾಗುವುದು ಚಿಕ್ಕ ಭಾಗಗಳಲ್ಲಿ. ಪರೀಕ್ಷೆಗೆ ಒಂದು ಕೊಳವೆ ಇದೆ, ಒಳ ಅಗಲ 31.7 ಮಿಲಿಮೀಟರ್. ಮೂರು ವರ್ಷದೊಳಗಿನ ಮಕ್ಕಳ ಗೊಂಬೆಯ ಯಾವ ತುಂಡೂ ಅದರೊಳಗೆ ಪೂರ್ತಿ ಕೂರಬಾರದು. ಗಿಲಕಿಯ ಮಣಿ, ಬಂಡಿಯ ಚಕ್ರದ ಗೂಟ, ರೈಲಿನ ಹೊಗೆಕೊಳವೆ, ಇವು ಕಳಚಿ ಬಂದರೆ ಅಲ್ಲಿಗೆ ಆ ಮಾಲು ಫೇಲ್. ಅದಕ್ಕೆ ಆರ್ಡರ್ ಒಪ್ಪಿಕೊಳ್ಳುವ ಮೊದಲೇ ವಿನ್ಯಾಸ ನೋಡಿ. ಗೂಟವನ್ನು ಎರಡು ಸುತ್ತು ದಪ್ಪ ಮಾಡುವುದು ಕುಶಲಕರ್ಮಿಗೆ ಐದು ನಿಮಿಷದ ಕೆಲಸ. ಸಾವಿರ ಗೊಂಬೆ ಕಡೆದ ಮೇಲೆ ಹೇಳಿದರೆ ಅವರ ಕೂಲಿ ಯಾರು ಕೊಡುತ್ತಾರೆ?

ಇನ್ನೊಂದು ಮಾತು. ಬಣ್ಣ ಬದಲಾದರೆ ಪರೀಕ್ಷೆಯನ್ನೂ ಮತ್ತೆ ಮಾಡಿಸಬೇಕು. ಈ ಸಲ ಅರಿಶಿನದ ಹಳದಿ ಸಿಗಲಿಲ್ಲ, ಅಂಗಡಿಯ ಹಳದಿ ಹಾಕಿದೆವು ಅಂದರೆ ಹಳೇ ವರದಿ ಈ ಮಾಲಿಗೆ ಸಲ್ಲುವುದಿಲ್ಲ. ಪ್ಯಾಕಿಂಗ್ ಕೂಡ ನೋಡಿಕೊಳ್ಳಿ: ಹಸಿ ಮರದ ಪೆಟ್ಟಿಗೆಯಲ್ಲಿ ಮಾಲು ಹೋಗುವಂತಿಲ್ಲ. ಮರದ ಒಳಭಾಗ 56 ಡಿಗ್ರಿಯಲ್ಲಿ 30 ನಿಮಿಷ ಕಾದಿರಬೇಕು. ಹಾಗೆ ಕಾಯಿಸಿದ ಗುರುತಿಗೆ ಪೆಟ್ಟಿಗೆ ಮೇಲೆ ತೆನೆ ಚಿತ್ರದ ಮುದ್ರೆ ಇರಬೇಕು. ಪ್ಲೈವುಡ್ ಆದರೆ ಈ ಗೋಜಿಲ್ಲ.

ಮೈಸೂರಿನ ಬೀಟೆ ಮರದ ಕುಸುರಿ ಕೆಲಸ?

ಇಡೀ ಬೀಟೆ ಕುಲವೇ 2017ರಿಂದ ಅಳಿವಿನಂಚಿನ ಗಿಡ, ಪ್ರಾಣಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿದೆ. ಮರ ಎಲ್ಲಿಂದ ಬಂತು ಅನ್ನುವ ಬಿಲ್ಲು ಇಟ್ಟುಕೊಳ್ಳಿ. ಮರ ಕಾನೂನುಬದ್ಧವಾಗಿ ಬಂದದ್ದು ಅಂತ ಕರಕುಶಲ ರಫ್ತು ಮಂಡಳಿ ಕೊಡುವ ‘ವೃಕ್ಷ’ ಪ್ರಮಾಣಪತ್ರದ ಬಗ್ಗೆ ಮೊದಲೇ ವಿಚಾರಿಸಿ. ಗಂಧದ ಮರವನ್ನಂತೂ ಪರವಾನಗಿ ಇಲ್ಲದೆ ಮುಟ್ಟಲೇಬೇಡಿ.

ನಮ್ಮ ತೋಟದ ಕಾಫಿಯನ್ನು ನಾವೇ ಜರ್ಮನಿಗೆ ಮಾರಬಹುದಾ?

ಕಾಫಿ ಮಂಡಳಿಯಲ್ಲಿ ರಫ್ತುದಾರರಾಗಿ ನೋಂದಾಯಿಸಿಕೊಂಡರೆ ಮಾರಬಹುದು. ದೇಶದ ಕಾಫಿಯಲ್ಲಿ ಸುಮಾರು 70% ಬೆಳೆಯುವುದು ಕರ್ನಾಟಕದಲ್ಲಿ. ಅದರಲ್ಲಿ ಬಹಳಷ್ಟು ಹೋಗುವುದು ಇಟಲಿ, ಜರ್ಮನಿ ಕಡೆಗೆ. ಹಾಗಾಗಿ ಯುರೋಪಿನ ಅರಣ್ಯನಾಶ ತಡೆ ನಿಯಮ ನಮಗೆ ನೇರವಾಗಿ ತಟ್ಟುತ್ತದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದು ಮಾಡಿದ ಜಾಗದ ಕಾಫಿ ಅಲ್ಲಿ ಮಾರಾಟವಾಗುವಂತಿಲ್ಲ. ತೋಟ ಎಲ್ಲಿದೆ ಅಂತ ಜಿಪಿಎಸ್ ಲೆಕ್ಕದಲ್ಲಿ ತೋರಿಸಬೇಕು. 4 ಹೆಕ್ಟೇರ್‌ಗಿಂತ ದೊಡ್ಡ ತೋಟವಾದರೆ ಒಂದು ಬಿಂದು ಸಾಲದು, ಎಲ್ಲೆಯನ್ನೇ ಗುರುತು ಮಾಡಿ ಕೊಡಬೇಕು. ನಿಯಮ ಎರಡು ಸಲ ಮುಂದಕ್ಕೆ ಹೋಯಿತು. ಈಗ ದೊಡ್ಡ ಕಂಪನಿಗಳಿಗೆ 2026ರ ಡಿಸೆಂಬರ್ ಕೊನೆಯಿಂದ ಅಂತ ಇದೆ.

ನಮ್ಮ ಕಾಫಿ ಮರದ ನೆರಳಿನಲ್ಲೇ ಬೆಳೆಯುತ್ತದೆ, ನಮಗ್ಯಾಕೆ ಇದು ಅಂತ ಬೆಳೆಗಾರರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಆದರೂ ನಕ್ಷೆ ಮಾಡಿಸಿ ಇಡಿ. ಅಜ್ಜನ ಹೆಸರಲ್ಲೇ ಉಳಿದ ಪಹಣಿ, ಅಣ್ಣತಮ್ಮಂದಿರ ಬಾಯಿಮಾತಿನ ಪಾಲು, ಇವೆಲ್ಲ ನಕ್ಷೆ ಮಾಡಿಸಲು ಹೋದಾಗಲೇ ಹೊರಗೆ ಬರುವುದು.

ಮೆಣಸಿನಕಾಯಿ, ಏಲಕ್ಕಿ ಮುಂತಾದ ಸಾಂಬಾರ ಪದಾರ್ಥಕ್ಕೆ ಸಾಂಬಾರ ಮಂಡಳಿಯ ನೋಂದಣಿ ಬೇಕು. ಬ್ಯಾಡಗಿಗೆ ಬೆಲೆ ಬರುವುದು ಖಾರಕ್ಕಲ್ಲ, ಬಣ್ಣಕ್ಕೆ. ಹೊರಗಿನವರು ಅದನ್ನು ಅಳೆದೇ ಕೊಳ್ಳುತ್ತಾರೆ. ಜೊತೆಗೆ ಕೀಟನಾಶಕದ ಉಳಿಕೆ, ಸೂಕ್ಷ್ಮಾಣು ಕೊಲ್ಲಲು ಬಳಸುವ ಎಥಿಲೀನ್ ಆಕ್ಸೈಡ್ ಎರಡನ್ನೂ ನೋಡುತ್ತಾರೆ. 2024ರಲ್ಲಿ ಹಾಂಗ್‌ಕಾಂಗ್, ಸಿಂಗಾಪುರದಲ್ಲಿ ಭಾರತದ ಮಸಾಲೆ ಪುಡಿಗಳಿಗೆ ತೊಂದರೆಯಾಗಿದ್ದು ಈ ಎಥಿಲೀನ್ ಆಕ್ಸೈಡ್‌ನಿಂದಲೇ.

ಬೆಲೆ ಹೇಳುವಾಗ ಎಫ್‌ಒಬಿ, ಡಿಡಿಪಿ ಅಂತ ಕೇಳ್ತಾರೆ. ಯಾವುದಕ್ಕೆ ಒಪ್ಪಬೇಕು?

ಎಫ್‌ಒಬಿ ಅಂದರೆ ಹಡಗಿಗೆ ಮಾಲು ಏರಿಸುವವರೆಗೆ ನಿಮ್ಮ ಖರ್ಚು. ಸಿಐಎಫ್ ಅಂದರೆ ಸಾಗಣೆ, ವಿಮೆಯೂ ನಿಮ್ಮದೇ. ಡಿಡಿಪಿ ಅಂದರೆ ಅವರ ದೇಶದ ಸುಂಕವನ್ನೂ ನೀವೇ ಕಟ್ಟಿ ಅವರ ಬಾಗಿಲಿಗೆ ಮುಟ್ಟಿಸಬೇಕು. ಹೊಸಬರು ಡಿಡಿಪಿಗೆ ಒಪ್ಪಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಬೇರೆ ದೇಶದ ಸುಂಕ ರಾತ್ರೋರಾತ್ರಿ ಏರಿದರೆ ಆ ಹೊರೆ ನಿಮ್ಮ ತಲೆಗೆ. 2025ರಲ್ಲಿ ಅಮೆರಿಕದ ಸುಂಕ ಏರಿದಾಗ ಹೀಗೆ ಒಪ್ಪಿಕೊಂಡವರಿಗೆ ಲಾಭವಿರಲಿ, ಅಸಲೂ ಉಳಿಯಲಿಲ್ಲ.

ದುಬೈಗೆ, ಆಸ್ಟ್ರೇಲಿಯಾಗೆ ಸುಂಕವೇ ಇಲ್ಲ ಅಂತಾರೆ, ನಿಜಾನಾ?

ಬಹಳ ವಸ್ತುಗಳಿಗೆ ನಿಜ, ಆದರೆ ಕೇಳಿದವರಿಗೆ ಮಾತ್ರ. ಯುಎಇ ಜೊತೆಗಿನ ಒಪ್ಪಂದ 2022ರ ಮೇ 1ರಿಂದ, ಆಸ್ಟ್ರೇಲಿಯಾದ್ದು ಅದೇ ವರ್ಷ ಡಿಸೆಂಬರ್ 29ರಿಂದ ಜಾರಿಯಲ್ಲಿದೆ. ಮಾಲು ಭಾರತದ್ದೇ ಅನ್ನುವ ಮೂಲದ ಪ್ರಮಾಣಪತ್ರ ಜೊತೆಗಿದ್ದರೆ ರಿಯಾಯಿತಿ. ಇಲ್ಲದಿದ್ದರೆ ಎಲ್ಲರಂತೆ ಸುಂಕ. ಪ್ರಮಾಣಪತ್ರದಲ್ಲಿ ಬರೆದ ಎಚ್‌ಎಸ್ ಕೋಡ್ (ಸುಂಕದ ಲೆಕ್ಕಕ್ಕೆ ವಸ್ತುವನ್ನು ಗುರುತಿಸುವ ಸಂಖ್ಯೆ), ಬಿಲ್ಲಿನಲ್ಲಿ ಬರೆದ ಕೋಡ್ ಎರಡೂ ಒಂದೇ ಇರಬೇಕು.

ಮಾಲು ಕಳಿಸಿದ ಮೇಲೆ ದುಡ್ಡು ಬರದಿದ್ದರೆ?

ಹೊಸ ಗಿರಾಕಿಯಾದರೆ ಮುಂಗಡ ತಗೊಳ್ಳಿ. ಅರ್ಧ ಮುಂಗಡಕ್ಕೂ ಒಪ್ಪದವರ ಜೊತೆ ಮೊದಲ ವ್ಯಾಪಾರ ಬೇಡ. ದೊಡ್ಡ ಮೊತ್ತಕ್ಕೆ ಎಲ್‌ಸಿ ಇದೆ, ಅಂದರೆ ಕಾಗದ ಸರಿಯಿದ್ದರೆ ಹಣ ಕೊಡುತ್ತೇವೆ ಅಂತ ಗಿರಾಕಿಯ ಬ್ಯಾಂಕ್ ಕೊಡುವ ಖಾತರಿ ಪತ್ರ. ಆದರೆ ಎಲ್‌ಸಿಯಲ್ಲಿ ಬ್ಯಾಂಕ್ ಮಾಲು ನೋಡುವುದಿಲ್ಲ, ಕಾಗದ ನೋಡುತ್ತದೆ. ಕಂಪನಿಯ ಹೆಸರಲ್ಲಿ ಒಂದಕ್ಷರ ತಪ್ಪಿದ್ದರೂ, ಹಡಗು ಒಂದು ದಿನ ತಡವಾಗಿ ಹೊರಟಿದ್ದರೂ ವ್ಯತ್ಯಾಸ ಅಂತ ಗುರುತು ಹಾಕಿ ಹಣ ತಡೆಹಿಡಿಯಬಹುದು. ಎಲ್‌ಸಿ ಕೈಗೆ ಬಂದ ದಿನವೇ ಪ್ರತಿ ಸಾಲೂ ಓದಿ, ಆಗದ ಷರತ್ತಿದ್ದರೆ ಅವತ್ತೇ ತಿದ್ದಿಸಿ. ಸಾಲದ ಮೇಲೆ ಮಾರಲೇಬೇಕು ಅಂದರೆ ಗಿರಾಕಿ ಹಣ ಕೊಡದಿದ್ದರೆ ನಷ್ಟ ತುಂಬಿಕೊಡುವ ಇಸಿಜಿಸಿ ವಿಮೆ ಮಾಡಿಸಿ. ಅದು 1957ರಿಂದ ಇರುವ ಸರ್ಕಾರಿ ಸಂಸ್ಥೆ.

ದುಡ್ಡು ಬರದಿದ್ದರೆ ಅದು ನಿಮ್ಮ ನಷ್ಟ ಮಾತ್ರ ಅಲ್ಲ, ರಿಸರ್ವ್ ಬ್ಯಾಂಕಿಗೂ ಲೆಕ್ಕ ಕೊಡಬೇಕು. ಮೊದಲು 9 ತಿಂಗಳ ಗಡುವಿತ್ತು, 2025ರ ನವೆಂಬರ್‌ನಲ್ಲಿ ಅದನ್ನು 15 ತಿಂಗಳು ಮಾಡಿದರು. ಹಣ ಬಂದ ಮೇಲೆ ಇ-ಬಿಆರ್‌ಸಿ, ಅಂದರೆ ಹಣ ಬಂತು ಅನ್ನುವ ಆನ್‌ಲೈನ್ ಪ್ರಮಾಣಪತ್ರ, ಮಾಡಿಸಿಕೊಂಡರೆ ಆ ರಫ್ತಿನ ಕಥೆ ಮುಗಿಯಿತು.

ಆಸ್ತಿ ಮಾರುವವರ ಪ್ರಶ್ನೆಗಳು

ನಾನು ಅಮೆರಿಕದಲ್ಲಿದ್ದೇನೆ. ಅಪ್ಪ ತೀರಿಕೊಂಡರು, ಬೆಂಗಳೂರಿನ ಮನೆ ಮಾರಬೇಕು. ಎಲ್ಲಿಂದ ಶುರು?

ಖಾತಾ ಯಾರ ಹೆಸರಲ್ಲಿದೆ ಅನ್ನುವಲ್ಲಿಂದ. ಹತ್ತರಲ್ಲಿ ಎಂಟು ಮನೆಗಳಲ್ಲಿ ಅದು ಇನ್ನೂ ಅಪ್ಪನ ಹೆಸರಲ್ಲೇ ಇರುತ್ತದೆ ಅಂತ ನನ್ನ ಅಂದಾಜು. ಮರಣ ಪ್ರಮಾಣಪತ್ರ, ವಂಶವೃಕ್ಷ ಎರಡನ್ನೂ ಕೊಟ್ಟು ಪೌತಿ ಖಾತೆ, ಅಂದರೆ ವಾರಸುದಾರರ ಹೆಸರಿಗೆ ಖಾತಾ, ಮಾಡಿಸಬೇಕು. ಬೆಂಗಳೂರಿನಲ್ಲಿ 2024ರ ಅಕ್ಟೋಬರ್‌ನಿಂದ ಇ-ಖಾತಾ ಇಲ್ಲದೆ ನೋಂದಣಿಯೇ ಆಗುವುದಿಲ್ಲ. ಜೊತೆಗೆ ಮೂಲ ಕ್ರಯಪತ್ರ, ಕಂದಾಯ ರಸೀದಿ ಮತ್ತು ಇಸಿ (ಆಸ್ತಿಯ ಮೇಲಿನ ನೋಂದಾಯಿತ ವ್ಯವಹಾರ, ಋಣಗಳ ಪಟ್ಟಿ) ಬೇಕು. 2004ರ ಏಪ್ರಿಲ್‌ನಿಂದ ಈಚೆಗಿನ ಇಸಿ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಿಗುತ್ತದೆ. ಅದಕ್ಕೂ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಅರ್ಜಿ ಹಾಕಬೇಕು.

ಉಯಿಲು ಬರೆದಿಲ್ಲ ಅಂದರೆ ಹಿಂದೂ ಕುಟುಂಬದಲ್ಲಿ ಅಪ್ಪನ ಸ್ವಯಾರ್ಜಿತ ಮನೆಗೆ ಅಮ್ಮ, ಗಂಡುಮಕ್ಕಳು, ಹೆಣ್ಣುಮಕ್ಕಳು ಎಲ್ಲರೂ ಸಮಪಾಲುದಾರರು. ‘ಅಕ್ಕನಿಗೆ ಮದುವೆಯಲ್ಲೇ ಎಲ್ಲ ಕೊಟ್ಟಾಗಿದೆ’ ಅನ್ನುವುದು ಮನೆಯ ಮಾತಾಯಿತು. ರಿಜಿಸ್ಟ್ರಾರ್ ಮುಂದೆ ಅಕ್ಕನ ಸಹಿ ಬೇಕು, ಇಲ್ಲವೇ ಆಕೆ ಬರೆದುಕೊಟ್ಟ ಹಕ್ಕು ಬಿಡುಗಡೆ ಪತ್ರ ಬೇಕು. ಇದನ್ನು ಗಿರಾಕಿ ಬರುವ ಮೊದಲು ಮಾತಾಡಿ. ಮುಂಗಡ ತೆಗೆದುಕೊಂಡ ಮೇಲೆ ಮಾತಾಡಿದರೆ ಮಾತಿನ ಧಾಟಿಯೇ ಬೇರೆಯಾಗಿರುತ್ತದೆ.

ಊರಿಗೆ ಬರೋಕಾಗಲ್ಲ. ಮಾವನಿಗೆ ಜಿಪಿಎ ಕೊಡಬಹುದಾ?

ಜಿಪಿಎ ಅಂದರೆ ನಿಮ್ಮ ಪರವಾಗಿ ಸಹಿ ಹಾಕುವ ಅಧಿಕಾರಪತ್ರ. ಕೊಡಬಹುದು, ಆದರೆ ಈ ಒಂದು ಆಸ್ತಿಗೆ ಮಾತ್ರ, ಈ ಒಂದು ಕೆಲಸಕ್ಕೆ ಮಾತ್ರ ಅಂತ ಬರೆದುಕೊಡಿ. ಅಲ್ಲಿನ ಭಾರತೀಯ ದೂತಾವಾಸದ ಮುಂದೆ ಸಹಿ ಮಾಡಿ. ಇಲ್ಲವೇ ನೋಟರಿ ಮಾಡಿಸಿ, ಆ ಕಾಗದ ಬೇರೆ ದೇಶದಲ್ಲೂ ನಡೆಯುವಂತೆ ಅಲ್ಲಿನ ಸರ್ಕಾರ ಹಾಕುವ ಅಪಾಸ್ಟಿಲ್ ಮುದ್ರೆ ಹಾಕಿಸಿ. ಕಾಗದ ಭಾರತಕ್ಕೆ ಬಂದ 3 ತಿಂಗಳೊಳಗೆ ಇಲ್ಲಿನ ಮುದ್ರಾಂಕ ಶುಲ್ಕ ಕಟ್ಟಬೇಕು. ಕುಟುಂಬದವರಲ್ಲದವರಿಗೆ ಮಾರುವ ಅಧಿಕಾರ ಕೊಟ್ಟರೆ ಕರ್ನಾಟಕದಲ್ಲಿ ಆ ಶುಲ್ಕ ಜಾಸ್ತಿ. ಹಣ ಪಡೆಯುವ ಅಧಿಕಾರ ಬರೆಯಬೇಡಿ. ಹಣ ನೇರ ನಿಮ್ಮ ಎನ್‌ಆರ್‌ಒ ಖಾತೆಗೇ (ಅನಿವಾಸಿಗಳು ಭಾರತದಲ್ಲಿ ಬಂದ ಹಣ ಇಡುವ ಬ್ಯಾಂಕ್ ಖಾತೆ) ಬರಲಿ. ಮಾವನ ಮೇಲೆ ನಂಬಿಕೆ ಇಲ್ಲ ಅಂತಲ್ಲ, ಅವರ ಖಾತೆಗೆ ಹೋದ ಹಣವನ್ನು ಆಮೇಲೆ ಹೊರದೇಶಕ್ಕೆ ತರಿಸುವುದು ದೊಡ್ಡ ತಲೆನೋವು.

ಕ್ರಯಪತ್ರದ ಬದಲು ಬರೀ ಜಿಪಿಎ ಮಾಡಿ ಆಸ್ತಿ ‘ಮಾರುವುದು’ ಮಾರಾಟವೇ ಅಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಕೊಳ್ಳುವವರು 1% ಟಿಡಿಎಸ್ ಹಿಡೀತೀನಿ ಅಂತಾರೆ. ಸರಿನಾ?

ತಪ್ಪು. ಇದೇ ತಪ್ಪು ಎಲ್ಲಕ್ಕಿಂತ ಜಾಸ್ತಿ ಆಗುವುದು. ಟಿಡಿಎಸ್, ಅಂದರೆ ಕೊಳ್ಳುವವರೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ, 1% ಇರುವುದು ಮಾರುವವರು ಭಾರತದಲ್ಲೇ ವಾಸವಿದ್ದಾಗ, ಅದೂ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿನ ಬೆಲೆಗೆ. ಮಾರುವವರು ಅನಿವಾಸಿಯಾಗಿದ್ದರೆ ಬಂಡವಾಳ ಲಾಭದ ದರದಲ್ಲೇ ಹಿಡಿಯಬೇಕು. ಎರಡು ವರ್ಷಕ್ಕಿಂತ ಹೆಚ್ಚು ಇಟ್ಟುಕೊಂಡಿದ್ದ ಆಸ್ತಿಗೆ 2024ರ ಜುಲೈ 23ರಿಂದ ಅದು 12.5%, ಮೇಲೆ ಸರ್‌ಚಾರ್ಜ್, ಸೆಸ್. ಅಂದಿನಿಂದ ಅನಿವಾಸಿಗಳಿಗೆ ಇಂಡೆಕ್ಸೇಶನ್, ಅಂದರೆ ಹಣದುಬ್ಬರಕ್ಕೆ ತಕ್ಕಂತೆ ಕೊಂಡ ಬೆಲೆಯನ್ನು ಏರಿಸಿಕೊಳ್ಳುವ ಅವಕಾಶ, ಇಲ್ಲ.

ಒಂದು ಲೆಕ್ಕ ನೋಡಿ. 60 ಲಕ್ಷಕ್ಕೆ ಕೊಂಡ ಫ್ಲಾಟ್ 1.5 ಕೋಟಿಗೆ ಹೋಯಿತು ಅನ್ನೋಣ. ಲಾಭ 90 ಲಕ್ಷ. ಅದರ 12.5% ಅಂದರೆ 11.25 ಲಕ್ಷ. ಆದರೆ ಲಾಭ ಎಷ್ಟು ಅಂತ ತೀರ್ಮಾನಿಸುವುದು ಕೊಳ್ಳುವವರ ಕೆಲಸವಲ್ಲ. ಹಾಗಾಗಿ ಅವರು ಪೂರ್ತಿ ಒಂದೂವರೆ ಕೋಟಿಯ ಮೇಲೆ ಹಿಡಿಯುತ್ತಾರೆ: 18.75 ಲಕ್ಷ. ಸರ್‌ಚಾರ್ಜ್, ಸೆಸ್ ಬಿಟ್ಟರೂ ಏಳೂವರೆ ಲಕ್ಷ ನಿಮ್ಮದೇ ಹಣ ರಿಟರ್ನ್ ಹಾಕಿ ರೀಫಂಡ್ ಬರುವವರೆಗೆ ಸಿಕ್ಕಿಕೊಂಡಿರುತ್ತದೆ. ಇದನ್ನು ತಪ್ಪಿಸಲು ಮಾರಾಟಕ್ಕೆ ಮೊದಲೇ ಕಡಿಮೆ ಕಡಿತದ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬೇಕು. ಹಳೇ ಲೆಕ್ಕದಲ್ಲಿ ಅದು ಫಾರಂ 13. ವಾರಗಟ್ಟಲೆ ಹಿಡಿಯುತ್ತದೆ, ಆದ್ದರಿಂದ ಕ್ರಯ ಒಪ್ಪಂದದ ಗಡುವನ್ನು ಅದಕ್ಕೆ ತಕ್ಕಂತೆ ಇಟ್ಟುಕೊಳ್ಳಿ.

ಪಿತ್ರಾರ್ಜಿತ ಮನೆಗೆ ಅಪ್ಪ ಕೊಂಡ ಬೆಲೆಯೇ ನಿಮ್ಮ ಬೆಲೆ, ಅವರು ಕೊಂಡ ದಿನವೇ ನಿಮ್ಮ ದಿನ. 2001ರ ಏಪ್ರಿಲ್ 1ಕ್ಕಿಂತ ಹಿಂದೆ ಕೊಂಡಿದ್ದರೆ ಆ ದಿನದ ಬೆಲೆ ಹಾಕಿಸಿ. ಜಯನಗರ, ಮಲ್ಲೇಶ್ವರದ ಹಳೇ ಮನೆಗಳಲ್ಲಿ ಇದರಿಂದ ತೆರಿಗೆ ಬಹಳ ಇಳಿಯುತ್ತದೆ.

ಹಳ್ಳಿಯ ಜಮೀನನ್ನು ನನ್ನ ಅನಿವಾಸಿ ಸ್ನೇಹಿತನಿಗೆ ಮಾರಬಹುದಾ?

ಇಲ್ಲ. ಕರ್ನಾಟಕ 2020ರಲ್ಲಿ ಭೂಸುಧಾರಣಾ ಕಾಯ್ದೆ ತಿದ್ದಿ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು ಅಂತ ಮಾಡಿತು. ಅದನ್ನು ಕೇಳಿ ಅನಿವಾಸಿಗಳೂ ಕೊಳ್ಳಬಹುದು ಅಂತ ಬ್ರೋಕರ್‌ಗಳು ಹೇಳುತ್ತಾರೆ. ಅದು ರಾಜ್ಯದ ಕಾನೂನು. ವಿದೇಶಿ ವಿನಿಮಯಕ್ಕೆ ಸಂಬಂಧಿಸಿದ ಕೇಂದ್ರದ ಫೆಮಾ ಕಾನೂನು ಬದಲಾಗಿಲ್ಲ. ಅನಿವಾಸಿಗಳು ಮತ್ತು ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಕೊಡುವುದು) ಇರುವವರು ಕೃಷಿ ಜಮೀನು, ಪ್ಲಾಂಟೇಶನ್, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು, ಮಾರುವುದಾದರೆ ಭಾರತದಲ್ಲಿ ವಾಸವಿರುವ ಭಾರತೀಯರಿಗೇ ಮಾರಬೇಕು.

ಅರ್ಧ ಕ್ಯಾಶ್ ಕೊಡ್ತೀವಿ ಅಂತಾರೆ.

ಬೇಡ. ಆ ಕ್ಯಾಶನ್ನು ಹೊರದೇಶಕ್ಕೆ ಒಯ್ಯಲು ದಾರಿಯೇ ಇಲ್ಲ. ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ ಬೀಳಬಹುದು.

ಮಾರಿದ ಹಣವನ್ನು ಅಲ್ಲಿಗೆ ತರಿಸಿಕೊಳ್ಳೋದು ಹೇಗೆ?

ಎನ್‌ಆರ್‌ಒ ಖಾತೆಯಿಂದ ಒಂದು ಆರ್ಥಿಕ ವರ್ಷದಲ್ಲಿ 10 ಲಕ್ಷ ಡಾಲರ್‌ವರೆಗೆ. ತೆರಿಗೆ ಕಟ್ಟಿದ್ದಕ್ಕೆ ಸಿಎ ಕೊಡುವ 15ಸಿಬಿ ಫಾರಂ, ನೀವು ಸಲ್ಲಿಸುವ 15ಸಿಎ ಫಾರಂ, ಕ್ರಯಪತ್ರದ ಪ್ರತಿ, ಪಿತ್ರಾರ್ಜಿತವಾದರೆ ಅದರ ದಾಖಲೆ ಬೇಕು. ಮೊತ್ತ ದೊಡ್ಡದಿದ್ದರೆ ಮಾರ್ಚ್‌ನಲ್ಲಿ ಒಂದಿಷ್ಟು, ಏಪ್ರಿಲ್‌ನಲ್ಲಿ ಒಂದಿಷ್ಟು ಕಳಿಸುವವರಿದ್ದಾರೆ. ಅದರಲ್ಲಿ ತಪ್ಪೇನಿಲ್ಲ.

ನಾವು ಇಲ್ಲೇ ಇದ್ದೀವಿ, ದುಬೈನಲ್ಲಿ ಫ್ಲಾಟ್ ಕೊಳ್ಳಿ ಅಂತ ಹೋಟೆಲಲ್ಲಿ ಮೇಳ ಮಾಡ್ತಾರಲ್ಲ?

ಕೊಳ್ಳಬಹುದು. ಒಬ್ಬರು ವರ್ಷಕ್ಕೆ 2.5 ಲಕ್ಷ ಡಾಲರ್ ಕಳಿಸಬಹುದು. 10 ಲಕ್ಷ ರೂಪಾಯಿ ದಾಟಿದ ಮೊತ್ತಕ್ಕೆ ಬ್ಯಾಂಕ್ 20% ಟಿಸಿಎಸ್ (ಹಣ ಕಳಿಸುವಾಗಲೇ ತೆಗೆದುಕೊಳ್ಳುವ ತೆರಿಗೆ) ಹಿಡಿಯುತ್ತದೆ. ರಿಟರ್ನ್‌ನಲ್ಲಿ ಅದು ಲೆಕ್ಕಕ್ಕೆ ಬರುತ್ತದೆ, ಆದರೆ ಅವತ್ತು ಕೈಯಲ್ಲಿ ಇರಬೇಕು. ದುಬೈ ಭೂ ಇಲಾಖೆಯ ವರ್ಗಾವಣೆ ಶುಲ್ಕ 4%. ಮೇಳದಲ್ಲಿ ಹೇಳದ ವಿಷಯ ಇನ್ನೊಂದಿದೆ: ಅಲ್ಲಿ ತೆರಿಗೆ ಇಲ್ಲದಿದ್ದರೂ ಇಲ್ಲಿ ವಾಸವಿರುವವರು ಆ ಬಾಡಿಗೆಗೆ, ಆ ಲಾಭಕ್ಕೆ ಇಲ್ಲಿ ತೆರಿಗೆ ಕಟ್ಟಬೇಕು. ರಿಟರ್ನ್‌ನ ವಿದೇಶಿ ಆಸ್ತಿ ಪಟ್ಟಿಯಲ್ಲಿ ಆ ಫ್ಲಾಟ್ ಬರೆಯದಿದ್ದರೆ ಕಪ್ಪುಹಣದ ಕಾನೂನಿನಲ್ಲಿ 10 ಲಕ್ಷ ದಂಡ ಬೀಳಬಹುದು.

ಇಲ್ಲಿ ತೆರಿಗೆ ಕಟ್ಟಿದ ಮೇಲೆ ಅಮೆರಿಕದಲ್ಲಿ ಮತ್ತೆ ಕಟ್ಟಬೇಕಾ?

ಅಮೆರಿಕದ ನಾಗರಿಕರು, ಗ್ರೀನ್ ಕಾರ್ಡ್ ಇರುವವರು ಜಗತ್ತಿನ ಎಲ್ಲೇ ಗಳಿಸಿದ್ದನ್ನೂ ಅಲ್ಲಿ ತೋರಿಸಬೇಕು. ಇಲ್ಲಿ ಕಟ್ಟಿದ ತೆರಿಗೆಗೆ ಅಲ್ಲಿ ಕ್ರೆಡಿಟ್ ಕೇಳಬಹುದು, ಎರಡು ಸಲ ಪೂರ್ತಿ ಕಟ್ಟಬೇಕಾಗಿಲ್ಲ. ತೊಡಕು ಬರುವುದು ವರ್ಷದಲ್ಲಿ. ಅವರದು ಜನವರಿಯಿಂದ ಡಿಸೆಂಬರ್, ನಮ್ಮದು ಏಪ್ರಿಲ್‌ನಿಂದ ಮಾರ್ಚ್. ಫೆಬ್ರವರಿಯಲ್ಲಿ ಮಾರಿದರೆ ಅಲ್ಲಿನ ವರ್ಷ ಆಗಷ್ಟೇ ಶುರು, ಇಲ್ಲಿಯದು ಮುಗಿಯುತ್ತಾ ಬಂದಿರುತ್ತದೆ. ಹಾಗಾಗಿ ಅಲ್ಲಿನ ಸಿಪಿಎ, ಇಲ್ಲಿನ ಸಿಎ ಇಬ್ಬರನ್ನೂ ಮಾರಾಟದ ಮುಂಚೆಯೇ ಒಂದು ಫೋನ್ ಕರೆಯಲ್ಲಿ ಸೇರಿಸಿ. ಟಿಡಿಎಸ್ ಪ್ರಮಾಣಪತ್ರವನ್ನು ಕೊಳ್ಳುವವರಿಂದ ಬಿಡದೆ ಕೇಳಿ ತಗೊಳ್ಳಿ. ಮನೆ ಕೈಗೆ ಬಂದ ಮೇಲೆ ಅವರು ಫೋನ್ ಎತ್ತುವುದು ಕಡಿಮೆ.